ಮೊದಲ ಟ್ರ್ಯಾಕ್ಟರ್: ಶೋರೂಮಿಗೆ ಹೋಗುವ ಮುಂಚೆ ಟೇಪು ಹಿಡಿದು ತೋಟಕ್ಕೆ ಹೋಗಿ

ನಮ್ಮ ಚಿಕ್ಕಪ್ಪ ಮೊದಲ ಟ್ರ್ಯಾಕ್ಟರ್ ತಂದದ್ದು ಒಂದು ಆಯುಧಪೂಜೆಗೆ. 50 ಎಚ್‌ಪಿ ಗಾಡಿ. ಬಾಳೆಕಂದು ಕಟ್ಟಿ, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ಊರೆಲ್ಲ ಒಂದು ಸುತ್ತು ಹಾಕಿಸಿ ಮನೆ ಮುಂದೆ ನಿಲ್ಲಿಸಿದರು. ಮಾರನೇ ದಿನ ಅಡಿಕೆ ತೋಟಕ್ಕೆ ಇಳಿಸಿದಾಗ ವಿಷಯ ಗೊತ್ತಾಯಿತು. ಸಾಲಿನೊಳಗೆ ಗಾಡಿ ಹೋಗುತ್ತದೆ, ತುದಿಗೆ ಹೋದ ಮೇಲೆ ತಿರುಗುವುದಿಲ್ಲ. ಬಸಿಗಾಲುವೆ ದಾಟುವುದಿಲ್ಲ. ಹಿಂದೆ ಮಣ್ಣು ಪುಡಿ ಮಾಡುವ ರೋಟವೇಟರ್ ಕಟ್ಟಿಕೊಂಡು ರಿವರ್ಸ್‌ನಲ್ಲೇ ಹೊರಗೆ ಬರಬೇಕು. ಅವತ್ತು ಎರಡು ಎಳೆ ಗಿಡ, ಉದ್ದಕ್ಕೂ ಎಳೆದ ಡ್ರಿಪ್ ಪೈಪು ಹೋದವು. ಆಮೇಲೆ ಐದು ವರ್ಷ ತೋಟದ ಕೆಲಸಕ್ಕೆ ಬಾಡಿಗೆ ಪವರ್ ಟಿಲ್ಲರ್ ಬರುತ್ತಿತ್ತು, ನಮ್ಮ ಗಾಡಿ ತೋಟದ ಬಾಗಿಲಲ್ಲಿ ನಿಂತಿರುತ್ತಿತ್ತು. ಕಂತು ಮಾತ್ರ ನಾವೇ ಕಟ್ಟುತ್ತಿದ್ದೆವು.

ಗಾಡಿಯದ್ದೇನೂ ತಪ್ಪಿರಲಿಲ್ಲ. ಮೆಕ್ಕೆಜೋಳದ ಹೊಲದಲ್ಲಿ ಅದು ಹುಲಿ. ನಾವು ಆರಿಸಿದ ಕ್ರಮವೇ ತಲೆಕೆಳಗಾಗಿತ್ತು. ಬಾನೆಟ್ ಕಡೆಯಿಂದ ಶುರು ಮಾಡಿದ್ದೆವು: ಯಾವ ಕಂಪನಿ, ಎಷ್ಟು ಎಚ್‌ಪಿ, ಯಾವ ಬಣ್ಣ. ಟ್ರ್ಯಾಕ್ಟರನ್ನು ಹಿಂದಿನಿಂದ ಆರಿಸಬೇಕು. ಮೊದಲು ನೆಲ, ಆಮೇಲೆ ಆ ನೆಲಕ್ಕೆ ಬೇಕಾದ ಉಪಕರಣ, ಆ ಉಪಕರಣ ಎಳೆಯೋಕೆ ಬೇಕಾದ ಶಕ್ತಿ, ಕಡೆಗೆ ಕಂಪನಿ. ಈ ಬರಹ ಅದೇ ಕ್ರಮದಲ್ಲಿ ಹೋಗುತ್ತದೆ.

ನಮ್ಮದು ಭದ್ರಾ ಅಚ್ಚುಕಟ್ಟಿನ ಕಡೆಯ ಒಂಬತ್ತು ಎಕರೆ. ನಾಲ್ಕು ಎಕರೆ ಅಡಿಕೆ, ಮೂರು ಎಕರೆ ಮೆಕ್ಕೆಜೋಳ, ಎರಡು ಎಕರೆ ಗದ್ದೆ. ಉದಾಹರಣೆಗಳೆಲ್ಲ ಇಲ್ಲಿಯವೇ. ನಿಮ್ಮದು ಗದಗದ ಎರೆ ಹೊಲವೋ ತಿಪಟೂರಿನ ತೆಂಗಿನ ತೋಟವೋ ಆದರೆ ಅಂಕಿ ಬದಲಾಗುತ್ತವೆ, ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.

ಮೊದಲು ಗಂಟೆ ಎಣಿಸಿ

ಒಂದು ನೋಟ್‌ಬುಕ್ ತಗೊಳ್ಳಿ. ಕಳೆದ ವರ್ಷ ಬಾಡಿಗೆ ಟ್ರ್ಯಾಕ್ಟರ್ ನಿಮ್ಮ ಜಮೀನಿನಲ್ಲಿ ಎಷ್ಟು ಗಂಟೆ ಓಡಿತು ಅಂತ ಬೆಳೆ ಪ್ರಕಾರ ಬರೆಯಿರಿ. ಮಾಗಿ ಉಳುಮೆ, ಹರಗುವುದು, ಬಿತ್ತನೆ, ಗದ್ದೆ ಕೆಸರು ಮಾಡುವುದು, ಗೊಬ್ಬರ ಹೊಡೆಯುವುದು, ಫಸಲು ಸಾಗಿಸುವುದು, ಎಲ್ಲ. ಅಂದಾಜು ಬೇಕಾದರೆ, ಐದು ಅಡಿ ರೋಟವೇಟರ್ ಒಂದು ಎಕರೆಗೆ ಗಂಟೆಯಿಂದ ಒಂದೂಕಾಲು ಗಂಟೆ ತಗೊಳ್ಳುತ್ತದೆ. ಹರಗುವ ಒಂಬತ್ತು ಹಲ್ಲಿನ ಕಲ್ಟಿವೇಟರ್ ಅದೇ ಹೊತ್ತಿನಲ್ಲಿ ಒಂದೂವರೆ ಎಕರೆ ದಾಟುತ್ತದೆ. ನಮ್ಮ ಒಂಬತ್ತು ಎಕರೆಗೆ ಕೂಡಿಸಿದಾಗ ವರ್ಷಕ್ಕೆ 110 ಗಂಟೆ ಬಂತು. ನಾವು 300 ಇರಬಹುದು ಅಂದುಕೊಂಡಿದ್ದೆವು.

ಈಗ ಸ್ವಂತ ಗಾಡಿಯ ಖರ್ಚು. ಉಪಕರಣ ಸೇರಿ 9 ಲಕ್ಷ ಎಂದಿಟ್ಟುಕೊಳ್ಳಿ. ಹತ್ತು ವರ್ಷ ಆದ ಮೇಲೆ 3 ಲಕ್ಷಕ್ಕೆ ಮಾರಿದರೆ, ವರ್ಷಕ್ಕೆ 60 ಸಾವಿರ ಸವೆತ. ಬಡ್ಡಿ ಸರಾಸರಿ 55-60 ಸಾವಿರ. ಇನ್ಶೂರೆನ್ಸ್, ಶೆಡ್ಡು, ಚಿಲ್ಲರೆ ಖರ್ಚು ಹತ್ತು ಸಾವಿರ. ಒಟ್ಟು ವರ್ಷಕ್ಕೆ ಸುಮಾರು 1.3 ಲಕ್ಷ. ಗಾಡಿ ಸುಮ್ನೆ ನಿಂತಿದ್ದರೂ ಇದು ಹೋಗುವ ದುಡ್ಡು. ಓಡಿಸಿದರೆ ಗಂಟೆಗೆ ಐದು ಲೀಟರ್ ಡೀಸೆಲ್, ಅಂದರೆ 450 ರೂಪಾಯಿ. ಎಣ್ಣೆ, ಟೈರು, ರಿಪೇರಿಗೆ 150. ಒಟ್ಟು 600.

ಬಾಡಿಗೆ ಗಂಟೆಗೆ 1200 ಇದ್ದರೆ, ಸ್ವಂತ ಗಾಡಿ ಓಡಿದ ಪ್ರತಿ ಗಂಟೆಗೂ 600 ಉಳಿಯುತ್ತದೆ. 1.3 ಲಕ್ಷವನ್ನು 600ರಿಂದ ಭಾಗಿಸಿ. ಸುಮಾರು 217 ಗಂಟೆ. ವರ್ಷಕ್ಕೆ ಅಷ್ಟು ಓಡದಿದ್ದರೆ ಬಾಡಿಗೆಯೇ ಅಗ್ಗ. ನಮ್ಮ 110 ಗಂಟೆಗೆ 50 ಎಚ್‌ಪಿ ಗಾಡಿ ಅನ್ನುವುದು ಲೆಕ್ಕದಲ್ಲಿ ನಷ್ಟ.

ಹಾಗಂತ ಲೆಕ್ಕವೊಂದೇ ಅಲ್ಲ. ಮಳೆ ಬಿದ್ದ ಮೂರನೇ ದಿನ ಹದ ಇರುತ್ತದೆ, ಐದನೇ ದಿನ ಇರುವುದಿಲ್ಲ. ಆ ಎರಡು ದಿನ ಊರಿನ ಬಾಡಿಗೆ ಗಾಡಿಗಳೆಲ್ಲ ಇನ್ನೊಬ್ಬರ ಹೊಲದಲ್ಲಿರುತ್ತವೆ. ಹದಕ್ಕೂ ಬೆಲೆ ಇದೆ, ಅದನ್ನು ನೀವೇ ಕಟ್ಟಬೇಕು. ಅಕ್ಕಪಕ್ಕದವರ ಕೆಲಸ ಬಾಡಿಗೆಗೆ ಮಾಡಿ ಗಂಟೆ ತುಂಬಿಸಿಕೊಳ್ಳಬಹುದು. ಆದರೆ ಆ ಬಾಡಿಗೆ ದುಡ್ಡು ಸುಗ್ಗಿ ಮುಗಿದ ಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ನೆಂಟರ ಹೊಲದ ಗಂಟೆಯನ್ನಂತೂ ಎಣಿಸಲೇಬೇಡಿ.

ಅನುಮಾನ ಇದ್ದರೆ ಒಂದು ವರ್ಷ ತಡೆಯಿರಿ. ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಅಲ್ಲಿಂದ ಬೇರೆ ಬೇರೆ ಉಪಕರಣ ಬಾಡಿಗೆಗೆ ತಂದು ನಿಮ್ಮ ಮಣ್ಣಲ್ಲೇ ಓಡಿಸಿ ನೋಡಿ. ಆ ವರ್ಷದ ಅನುಭವ ಯಾವ ಸೇಲ್ಸ್‌ಮನ್ ಮಾತಿಗಿಂತ ಜಾಸ್ತಿ ಬೆಲೆಬಾಳುತ್ತದೆ.

ಟೇಪು ಹಿಡಿದು ಓಡಾಡಿ

ಅಳತೆ ಮಾಡಬೇಕಾದದ್ದು: ಗಿಡದ ಸಾಲಿನ ಅಂತರ, ಸಾಲಿನ ತುದಿಯಲ್ಲಿ ತಿರುಗೋಕೆ ಬಿಟ್ಟ ಜಾಗ, ತೋಟದ ಗೇಟು, ಕಾಲುವೆ ಮೇಲಿನ ಮೋರಿ, ಶೆಡ್ಡಿನ ಬಾಗಿಲು. ಅಡಿಕೆಗೆ ಸಾಮಾನ್ಯವಾಗಿ 9 ಅಡಿ ಅಂತರ ಕೊಡುತ್ತಾರೆ. 45 ಎಚ್‌ಪಿ ಗಾಡಿ ಐದೂವರೆ ಆರು ಅಡಿ ಅಗಲ ಇರುತ್ತದೆ. ಕಾಗದದ ಮೇಲೆ ಹಿಡಿಸುತ್ತದೆ. ಆದರೆ ನಡುವೆ ಬಾಳೆ, ಕಾಳುಮೆಣಸು, ಬಸಿಗಾಲುವೆ ಇವೆಲ್ಲ ಇರುತ್ತವಲ್ಲ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಭಾರದ ಗಾಡಿ ಅದೇ ಜಾಡಿನಲ್ಲಿ ಓಡಾಡಿದರೆ ಮಣ್ಣು ಗಟ್ಟಿಯಾಗುತ್ತದೆ. ಇಲ್ಲಿಗೆ ಮೂರೂವರೆ ಅಡಿ ಅಗಲದ ಮಿನಿ ಟ್ರ್ಯಾಕ್ಟರೇ ಸರಿ. ತೋಟ ಎರಡು ಮೂರು ಎಕರೆ ಮಾತ್ರ, ಬೇರೆ ಹೊಲ ಇಲ್ಲ ಅಂದರೆ ಅದೂ ಜಾಸ್ತಿಯೇ. ಪವರ್ ಟಿಲ್ಲರ್ ಸಾಕು.

ತೆಂಗಿಗೆ 25-30 ಅಡಿ ಅಂತರ ಇರುವುದರಿಂದ ದೊಡ್ಡ ಗಾಡಿ ಆರಾಮಾಗಿ ಓಡುತ್ತದೆ. ಗರಿ ಜೋತುಬಿದ್ದಿದ್ದರೆ ನೆರಳಿಗೆ ಹಾಕಿಸಿದ ಮೇಲ್ಛಾವಣಿ ತಾಗುತ್ತದೆ, ಅಷ್ಟೆ. ವಿಜಯಪುರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಚಪ್ಪರದ ಎತ್ತರವನ್ನೂ ಅಳೆಯಬೇಕು. ಅಲ್ಲಿ ಸೈಲೆನ್ಸರ್ ಮೇಲಕ್ಕೆ ನಿಂತ ಗಾಡಿ ಬರುವುದಿಲ್ಲ, ಸೈಲೆನ್ಸರನ್ನು ಬಾನೆಟ್ ಕೆಳಗೆ ಬಗ್ಗಿಸಿದ್ದು ಬೇಕು.

ಇನ್ನು ಮಣ್ಣು. ಕೋಲಾರ, ತುಮಕೂರಿನ ಕೆಂಪು ಮಣ್ಣು ಹದದಲ್ಲಿ ಹಗುರ. ಧಾರವಾಡ, ಗದಗ, ವಿಜಯಪುರದ ಎರೆ ಭೂಮಿ ಒಣಗಿದಾಗ ಕಲ್ಲು, ನೆಂದಾಗ ಅಂಟು. ಬೇಸಿಗೆಯಲ್ಲಿ ಪಲ್ಟಿ ನೇಗಿಲು ಹೊಡೆದು ಹೆಂಟೆ ಎಬ್ಬಿಸಬೇಕು ಅಂದರೆ 45ರ ಮೇಲಿನ ಎಚ್‌ಪಿ ಜೊತೆಗೆ ಗಾಡಿಗೆ ತೂಕವೂ ಬೇಕು. ಇದನ್ನು ಜನ ಮರೆಯುತ್ತಾರೆ. ಇಂಜಿನ್‌ಗೆ ಶಕ್ತಿ ಇದ್ದು ಗಾಡಿ ಹಗುರ ಇದ್ದರೆ ಗಾಲಿ ನಿಂತಲ್ಲೇ ತಿರುಗುತ್ತದೆ, ಡೀಸೆಲ್ ಹೊಗೆಯಾಗುತ್ತದೆ, ನೇಗಿಲು ಅಲ್ಲೇ ಇರುತ್ತದೆ. ಟೈರಿನೊಳಗೆ ಮುಕ್ಕಾಲು ಪಾಲು ನೀರು ತುಂಬಿಸುವುದು, ಗಾಲಿಗೆ ಕಬ್ಬಿಣದ ತೂಕ ಹಾಕಿಸುವುದು ಇದೇ ಕಾರಣಕ್ಕೆ. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಉಲ್ಟಾ. ಗಾಡಿ ಭಾರವಾದರೆ ಹೂತುಕೊಳ್ಳುತ್ತದೆ. ಅಲ್ಲಿ ಕೆಸರಿಗೆ ಕೇಜ್ ವೀಲ್, ಅಂದರೆ ಕಬ್ಬಿಣದ ಪಂಜರದಂಥ ಗಾಲಿ ಹಾಕುತ್ತಾರೆ, ನಾಲ್ಕೂ ಗಾಲಿ ಎಳೆಯುವ ಗಾಡಿ ಇಷ್ಟಪಡುತ್ತಾರೆ.

ಉಪಕರಣ ಮೊದಲು, ಎಚ್‌ಪಿ ಆಮೇಲೆ

ಯಾವ ಉಪಕರಣ ನಿಮ್ಮ ಅತಿ ಭಾರದ ಕೆಲಸ ಮಾಡುತ್ತದೋ ಅದು ಎಚ್‌ಪಿ ನಿರ್ಧಾರ ಮಾಡುತ್ತದೆ. ಬಹಳ ಕಡೆ ಅದು ರೋಟವೇಟರ್. ಇದಕ್ಕೆ ಶಕ್ತಿ ಹೋಗುವುದು ಹಿಂದಿನ ಪಿಟಿಒ ಶಾಫ್ಟ್‌ನಿಂದ, ಅಂದರೆ ಇಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗುವ ದಂಡದಿಂದ. ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿರುವುದು ಇಂಜಿನ್ ಎಚ್‌ಪಿ. ಪಿಟಿಒಗೆ ಬರುವಷ್ಟರಲ್ಲಿ ಅದು ಹತ್ತು ಹದಿನೈದು ಪರ್ಸೆಂಟ್ ಕಮ್ಮಿಯಾಗಿರುತ್ತದೆ. 45 ಅಂತ ಬರೆದಿದ್ದರೆ ಪಿಟಿಒ ಹತ್ತಿರ 38-40 ಸಿಗುತ್ತದೆ. ಸಣ್ಣ ಅಕ್ಷರದಲ್ಲಿ ಹುಡುಕಿ, ಆ ಅಂಕಿಯೂ ಬರೆದಿರುತ್ತಾರೆ.

ರೋಟವೇಟರ್‌ನ ಒಂದು ಅಡಿ ಅಗಲಕ್ಕೆ ಏಳೆಂಟು ಪಿಟಿಒ ಎಚ್‌ಪಿ ಅಂತ ಹಿಡಿಯಿರಿ. ಐದು ಅಡಿಗೆ 45ರ ಆಸುಪಾಸಿನ ಗಾಡಿ, ಆರು ಅಡಿಗೆ 50, ಮೂರು ಅಡಿಯದ್ದಕ್ಕೆ 24-27 ಎಚ್‌ಪಿ ಮಿನಿ. 15-18 ಎಚ್‌ಪಿ ಪುಟಾಣಿಗಳಿಗೆ ಎರಡೂವರೆ ಅಡಿಯಷ್ಟೇ ಕಟ್ಟಿ. ಒಂಬತ್ತು ಹಲ್ಲಿನ ಕಲ್ಟಿವೇಟರ್ 35-40ರ ಗಾಡಿ ಎಳೆಯುತ್ತದೆ. ಮಿನಿಗೆ ಐದು ಹಲ್ಲು. ಬರೀ ಟ್ರೈಲರ್ ಎಳೆಯೋಕೆ, ಕೂರಿಗೆ ಎಳೆಯೋಕೆ, ಔಷಧಿ ಹೊಡೆಯೋಕೆ ದೊಡ್ಡ ಗಾಡಿ ಬೇಡವೇ ಬೇಡ.

ನಿಮ್ಮ ವರ್ಷದ 90 ಗಂಟೆಗೆ 30 ಎಚ್‌ಪಿ ಸಾಕು, ಇಪ್ಪತ್ತು ಗಂಟೆಗೆ ಮಾತ್ರ 50 ಬೇಕು ಅನ್ನೋಣ. ಆ ಇಪ್ಪತ್ತು ಗಂಟೆಯನ್ನು ಬಾಡಿಗೆಗೆ ಮಾಡಿಸಿ. ನಾವು ಈಗ ಮಾಡಿರುವುದು ಅದೇ. ಮನೆಯಲ್ಲಿ 24 ಎಚ್‌ಪಿಯ ನಾಲ್ಕು ಗಾಲಿ ಎಳೆತದ ಮಿನಿ ಇದೆ. ಮಾಗಿ ಉಳುಮೆಗೆ ಬಾಡಿಗೆಯವರು ಬಂದು ಹೋಗುತ್ತಾರೆ.

ಅಂದಹಾಗೆ, ಪೇಟೆಯಲ್ಲಿ 49 ಚಿಲ್ಲರೆ ಎಚ್‌ಪಿ ಗಾಡಿಗಳೇ ಯಾಕೆ ಅಷ್ಟೊಂದು ಇವೆ ಅಂತ ಯೋಚಿಸಿದ್ದೀರಾ? 2023ರ ಜನವರಿಯಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರ್‌ಗಳಿಗೆ ಹೊಗೆಯ ನಿಯಮ ಬಿಗಿಯಾಯಿತು. ಅವುಗಳಿಗೆ ಎಲೆಕ್ಟ್ರಾನಿಕ್ ಡೀಸೆಲ್ ಪಂಪು, ಹೊಗೆ ಶುದ್ಧ ಮಾಡುವ ವ್ಯವಸ್ಥೆ ಎಲ್ಲ ಬಂತು, ಬೆಲೆಯೂ ಏರಿತು. ಗೆರೆಯ ಈಚೆ ನಿಂತವು ಹಳೇ ಮಾದರಿಯ ಪಂಪಿನಲ್ಲೇ ಉಳಿದವು. ಹಳ್ಳಿ ಮೆಕ್ಯಾನಿಕ್ ಕೈಗೆ ಸಿಗುವುದು ಆ ಪಂಪು. ಮೊದಲ ಗಾಡಿಗೆ ಗೆರೆ ದಾಟುವ ಅಗತ್ಯ ಬಹಳ ಜನಕ್ಕೆ ಇರುವುದಿಲ್ಲ.

ಬ್ರೋಷರ್‌ನಲ್ಲಿ ನೋಡಬೇಕಾದ ಐದಾರು ಸಾಲು

ಕ್ಲಚ್: ಸಿಂಗಲ್ ಕ್ಲಚ್ ಗಾಡಿಯಲ್ಲಿ ಗೇರ್ ಬದಲಿಸೋಕೆ ಕ್ಲಚ್ ಒತ್ತಿದರೆ ಪಿಟಿಒ ಕೂಡ ನಿಲ್ಲುತ್ತದೆ. ರೋಟವೇಟರ್ ಕೆಲಸಕ್ಕೆ ಇದು ತಲೆನೋವು. ಡ್ಯುಯಲ್ ಕ್ಲಚ್‌ನಲ್ಲಿ ಅರ್ಧ ಒತ್ತಿದರೆ ಗಾಡಿ ನಿಲ್ಲುತ್ತದೆ, ಪಿಟಿಒ ತಿರುಗುತ್ತಲೇ ಇರುತ್ತದೆ. ಪೂರ್ತಿ ಒತ್ತಿದರೆ ಎರಡೂ ನಿಲ್ಲುತ್ತವೆ. ರೋಟವೇಟರ್ ಕಟ್ಟುವವರು ಇದಕ್ಕಿಂತ ಕೆಳಗೆ ಇಳಿಯಬೇಡಿ.

ಬ್ರೇಕು ಎಣ್ಣೆಯಲ್ಲಿ ಮುಳುಗಿದ್ದು ತಗೊಳ್ಳಿ. ಗದ್ದೆ ಕೆಸರಿಗೆ ಒಣ ಬ್ರೇಕು ಬೇಗ ಹಾಳಾಗುತ್ತದೆ. ಪವರ್ ಸ್ಟಿಯರಿಂಗ್ ಶೋಕಿ ಅಲ್ಲ. ದಿನಕ್ಕೆ ನೂರಿನ್ನೂರು ಸಲ ಬದುವಿನ ತುದಿಯಲ್ಲಿ ತಿರುಗಿಸಿದವರ ಭುಜ ಕೇಳಿ, ಅದು ಹೇಳುತ್ತದೆ.

ಉಪಕರಣ ಎತ್ತಿ ಇಳಿಸುವ ಹೈಡ್ರಾಲಿಕ್ ಬಗ್ಗೆ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ಅರ್ಧ ಜನ ಇದನ್ನು ಬಳಸುವುದೇ ಗೊತ್ತಿಲ್ಲದೆ ಹತ್ತು ವರ್ಷ ಓಡಿಸುತ್ತಾರೆ. ಸೀಟಿನ ಬಲಕ್ಕೆ ಎರಡು ಲಿವರ್ ಇರುತ್ತವೆ. ಒಂದು ಉಪಕರಣವನ್ನು ಇಷ್ಟೇ ಎತ್ತರದಲ್ಲಿ ನಿಲ್ಲಿಸುವುದಕ್ಕೆ. ಇನ್ನೊಂದು ಎಳೆತ ನೋಡಿಕೊಂಡು ಆಳ ಬದಲಿಸುವುದಕ್ಕೆ. ನೇಗಿಲು ಗಟ್ಟಿ ಜಾಗಕ್ಕೆ ಬಂದ ತಕ್ಷಣ ಇಂಜಿನ್ ಉಸಿರು ಕಟ್ಟುವ ಮುಂಚೆಯೇ ಅದು ನೇಗಿಲನ್ನು ಒಂದು ಚೂರು ಮೇಲೆತ್ತುತ್ತದೆ, ಮೆತ್ತಗಾದಾಗ ಮತ್ತೆ ಇಳಿಸುತ್ತದೆ. ಉಳುವಾಗ ಈ ಲಿವರ್, ರೋಟವೇಟರ್‌ಗೆ ಮೊದಲಿನದು. ಶೋರೂಮಿನವರ ಹತ್ತಿರ ಎರಡನ್ನೂ ಆಡಿಸಿ ತೋರಿಸಿ ಅನ್ನಿ. ಎತ್ತುವ ಸಾಮರ್ಥ್ಯ ಕಿಲೋ ಲೆಕ್ಕದಲ್ಲಿ ಬರೆದಿರುತ್ತಾರೆ. ಅದು ಉಪಕರಣ ಸಿಕ್ಕಿಸುವ ಲಿಂಕ್ ತೋಳಿನ ತುದಿಯಲ್ಲಿ ಅಳೆದದ್ದು. ಉಪಕರಣದ ಭಾರ ಹಿಂದಕ್ಕೆ ಹೋದಷ್ಟೂ ಎತ್ತುವ ಬಲ ಕಮ್ಮಿಯಾಗುತ್ತದೆ. ಅದಕ್ಕೇ ಉಪಕರಣದ ತೂಕಕ್ಕಿಂತ ಸಾಕಷ್ಟು ಜಾಸ್ತಿ ಇರುವುದು ನೋಡಿ.

ನಾಲ್ಕು ಗಾಲಿ ಎಳೆತ ಕೆಸರಿಗೆ, ಏರು ತಗ್ಗಿಗೆ, ಮಿನಿ ಗಾಡಿಗೆ ಒಳ್ಳೆಯದು. ಆದರೆ ಟಾರು ರಸ್ತೆಗೆ ಬಂದಾಗ ಅದರ ಲಿವರ್ ಬಿಡಿಸಲೇಬೇಕು. ಹಾಕಿಕೊಂಡೇ ಓಡಿಸಿದರೆ ಮುಂದಿನ ಟೈರು ಅಳಿಸುವ ರಬ್ಬರ್ ಹಾಗೆ ಉಜ್ಜಿಹೋಗುತ್ತದೆ. ಒಣ ಹೊಲದಲ್ಲಿ ಕಲ್ಟಿವೇಟರ್, ಟ್ರೈಲರ್ ಕೆಲಸವೇ ಜಾಸ್ತಿ ಇದ್ದರೆ ಎರಡು ಗಾಲಿ ಎಳೆತ ಸಾಕು, ಉಳಿದ ದುಡ್ಡಿಗೆ ರೋಟವೇಟರ್ ಬರುತ್ತದೆ.

ಕಂಪನಿಗಿಂತ ಮೆಕ್ಯಾನಿಕ್

ಮಹೀಂದ್ರ, ಸ್ವರಾಜ್, ಮ್ಯಾಸಿ, ಜಾನ್ ಡೀರ್, ಸೋನಾಲಿಕಾ, ಐಷರ್, ನ್ಯೂ ಹಾಲೆಂಡ್, ಕುಬೋಟಾ. ಮಿನಿಯಲ್ಲಿ ಬೆಂಗಳೂರಿನ ವಿಎಸ್‌ಟಿ. ಅರಳಿಕಟ್ಟೆ ಮೇಲೆ ಕೂತು ಇವುಗಳಲ್ಲಿ ಯಾವುದು ಮೇಲು ಅಂತ ವಾದ ಮಾಡಿದರೆ ಬೆಳಗಾಗುತ್ತದೆ. ಸ್ವರಾಜ್ ಕಂಪನಿಯನ್ನು 2007ರಲ್ಲೇ ಮಹೀಂದ್ರ ಕೊಂಡುಕೊಂಡಿದೆ, ಆದರೂ ಕಟ್ಟೆ ಮೇಲೆ ಎರಡು ಪಕ್ಷ ಇದ್ದೇ ಇವೆ. ನಾನು ಕೇಳುವ ಪ್ರಶ್ನೆ ಬೇರೆ. ಬಿತ್ತನೆ ದಿನ ಬೆಳಿಗ್ಗೆ ಗಾಡಿ ಕೆಟ್ಟರೆ ಮಧ್ಯಾಹ್ನದೊಳಗೆ ಯಾರು ಬರುತ್ತಾರೆ? ಸಾಮಾನು ಎಲ್ಲಿ ಸಿಗುತ್ತದೆ?

ಇದನ್ನು ಪರೀಕ್ಷೆ ಮಾಡುವುದು ಸುಲಭ. ತಾಲ್ಲೂಕು ಕೇಂದ್ರದ ಬಿಡಿಭಾಗದ ಅಂಗಡಿಗೆ ಹೋಗಿ, ನೀವು ನೋಡಿದ ಮಾಡೆಲ್‌ನ ಕ್ಲಚ್ ಪ್ಲೇಟು, ಡೀಸೆಲ್ ಫಿಲ್ಟರು, ಹೈಡ್ರಾಲಿಕ್ ಸೀಲ್ ಕಿಟ್ ಇದೆಯಾ ಅಂತ ಕೇಳಿ. ಕಪಾಟಿನಿಂದ ತೆಗೆದು ಟೇಬಲ್ ಮೇಲೆ ಇಟ್ಟರೆ ಸರಿ. "ಆರ್ಡರ್ ಹಾಕ್ತೀವಿ, ನಾಲ್ಕು ದಿನ" ಅಂದರೆ ಯೋಚನೆ ಮಾಡಿ. ಅಲ್ಲಿಂದ ನಿಮ್ಮೂರಿನ ಮೆಕ್ಯಾನಿಕ್ ಹತ್ತಿರ ಹೋಗಿ. "ಅಣ್ಣಾ, ಯಾವ ಗಾಡಿ ಒಳ್ಳೇದು?" ಅಂತ ಕೇಳಬೇಡಿ. "ಯಾವ ಗಾಡಿ ನಿಮ್ಮತ್ರ ಜಾಸ್ತಿ ಬರುತ್ತೆ, ಯಾವುದಕ್ಕೆ?" ಅಂತ ಕೇಳಿ. ಉತ್ತರ ಬೇರೆಯೇ ಇರುತ್ತದೆ.

ನಿಮ್ಮ ಹೊಲದಲ್ಲೇ ಡೆಮೊ

ಎರಡು ಮಾಡೆಲ್‌ಗೆ ಇಳಿಸಿಕೊಂಡ ಮೇಲೆ ಇಬ್ಬರು ಡೀಲರ್‌ಗೂ ಡೆಮೊ ಕೇಳಿ. ಶೋರೂಮಿನ ಹಿಂದಿನ ಮೈದಾನದಲ್ಲಿ ಅಲ್ಲ, ನಿಮ್ಮ ಜಮೀನಿನಲ್ಲಿ, ನಿಮ್ಮ ಅತಿ ಗಟ್ಟಿ ಮೂಲೆಯಲ್ಲಿ. ಟ್ಯಾಂಕು ಕಂಠಪೂರ್ತಿ ತುಂಬಿಸಿ. ಅಳತೆ ಮಾಡಿದ ಒಂದು ಎಕರೆ ರೋಟವೇಟರ್ ಹೊಡೆಸಿ. ಮತ್ತೆ ಲೀಟರ್ ಗುರುತಿರುವ ಕ್ಯಾನಿನಿಂದ ಕಂಠದವರೆಗೆ ತುಂಬಿಸಿ. ಎಷ್ಟು ಹಿಡಿಯಿತೋ ಅದು ನಿಮ್ಮ ಮಣ್ಣಿನ ಲೆಕ್ಕ. ಗಾಡಿ ಎರಡೂ ಸಲ ಸಮತಟ್ಟು ಜಾಗದಲ್ಲೇ ನಿಂತಿರಬೇಕು, ಇಲ್ಲದಿದ್ದರೆ ಅರ್ಧ ಲೀಟರ್ ಆಚೀಚೆ ಆಗುತ್ತದೆ.

ಡೀಲರ್ ಕಡೆಯ ಡ್ರೈವರ್ ಚೆನ್ನಾಗಿಯೇ ಓಡಿಸುತ್ತಾನೆ, ಅವನ ಕೆಲಸವೇ ಅದು. ದಿನಾ ಯಾರು ಓಡಿಸುತ್ತಾರೋ ಅವರನ್ನು ಕೂರಿಸಿ. ನಮ್ಮ ಮನೆಯಲ್ಲಿ ಓಡಿಸುವುದು ನಮ್ಮ ಅತ್ತಿಗೆಯೂ ಹೌದು. ದೊಡ್ಡ ಗಾಡಿಯ ಕ್ಲಚ್ ಅವರ ಕಾಲಿಗೆ ಪೂರ್ತಿ ಎಟುಕುತ್ತಲೇ ಇರಲಿಲ್ಲ. ಎರಡನೇ ಸಲ ಗಾಡಿ ಆರಿಸುವಾಗ ಸೀಟಿನ ಮೇಲೆ ಮೊದಲು ಅವರೇ ಕೂತದ್ದು.

ಹಳೇ ಗಾಡಿ ಕೊಳ್ಳುವುದಾದರೆ

ಕಮ್ಮಿ ಗಂಟೆ ಓಡಿಸುವವರಿಗೆ ಹಳೇ ಗಾಡಿ ಒಳ್ಳೇ ದಾರಿ. ಸವೆತದ ದೊಡ್ಡ ಪಾಲನ್ನು ಮೊದಲಿನವರು ತಿಂದಿರುತ್ತಾರೆ. ಆದರೆ ಮೆಕ್ಯಾನಿಕ್ ಇಲ್ಲದೆ ಹೋಗಬೇಡಿ. ನಾನು ಒಮ್ಮೆ ನಮ್ಮೂರ ಮೆಕ್ಯಾನಿಕ್ ಅಣ್ಣನ ಜೊತೆ ಹೋಗಿದ್ದೆ. ಎಂಟಕ್ಕೆ ಬನ್ನಿ ಅಂದಿದ್ದರು ಗಾಡಿಯವರು, ಇವರು ಆರೂವರೆಗೇ ಕರೆದುಕೊಂಡು ಹೋದರು. ಇಳಿದವರೇ ಮೊದಲು ಬಾನೆಟ್ ಎತ್ತಿ ಇಂಜಿನ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. "ಇವತ್ತು ಇನ್ನೂ ಸ್ಟಾರ್ಟ್ ಮಾಡಿಲ್ಲ, ಒಳ್ಳೇದಾಯ್ತು" ಅಂದರು. ಬಿಸಿ ಇಂಜಿನ್ ಹೇಗಿದ್ದರೂ ಸ್ಟಾರ್ಟ್ ಆಗುತ್ತದೆ. ತಣ್ಣನೆಯದು ಒಂದೆರಡು ಸೆಲ್ಫ್‌ಗೆ ಎದ್ದರೆ ಮಾತ್ರ ಕಂಪ್ರೆಶನ್ ಸರಿ ಇದೆ ಅಂತ.

ಸ್ಟಾರ್ಟ್ ಮಾಡಿಸಿ ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ ಅದರ ಮೇಲೆ ಅಂಗೈ ಹಿಡಿದರು. ಬುಸ್ ಬುಸ್ ಅಂತ ಹೊಗೆ ಬಡಿದರೆ ಪಿಸ್ಟನ್ ರಿಂಗು ಸವೆದಿದೆ, ಇಂಜಿನ್ ಬೋರ್ ಕೆಲಸ ಬಂದಿದೆ ಅಂತ ಅರ್ಥ. ಆಮೇಲೆ ಸೈಲೆನ್ಸರ್. ಲೋಡ್ ಹಾಕಿದಾಗ ಸ್ವಲ್ಪ ಕಪ್ಪು ಹೊಗೆ ಬಂದರೆ ಹೆದರಬೇಡಿ. ಬಿಸಿಯಾದ ಮೇಲೂ ನೀಲಿ ಹೊಗೆ ಬಿಡುತ್ತಿದ್ದರೆ ಇಂಜಿನ್ ಎಣ್ಣೆ ತಿನ್ನುತ್ತಿದೆ. ಗೇರ್ ಎಣ್ಣೆ ಕಡ್ಡಿ ಎಳೆದು ನೋಡಿದರು. ಅದು ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ, ಗದ್ದೆ ಕೆಲಸ ಮಾಡಿದ ಗಾಡಿಗಳಲ್ಲಿ ಇದು ಸಾಮಾನ್ಯ.

ಕಡೆಗೆ ಕಲ್ಟಿವೇಟರ್ ಮೇಲೆತ್ತಿ ಇಂಜಿನ್ ಆಫ್ ಮಾಡಿಸಿ, "ಟೀ ಕುಡಿಯೋಣ ಬನ್ನಿ" ಅಂದರು. ಟೀ ಅವರಿಗೆ ಬೇಕಿರಲಿಲ್ಲ. ಹದಿನೈದು ನಿಮಿಷ ಬಿಟ್ಟು ಬಂದಾಗ ಕಲ್ಟಿವೇಟರ್ ಹಲ್ಲು ನೆಲ ಮುಟ್ಟಿತ್ತು. ಹೈಡ್ರಾಲಿಕ್ ಸೋರುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಗಾಡಿಯವರು ಬೆಲೆ ಇಳಿಸಿದರು, ನಾವು ಆ ಗಾಡಿ ತಗೊಳ್ಳಲಿಲ್ಲ.

ಗಂಟೆ ಮೀಟರ್ ನಂಬಬೇಡಿ. ಅದು ನಿಂತು ಎಷ್ಟು ವರ್ಷ ಆಗಿದೆಯೋ. ಕ್ಲಚ್ ಪೆಡಲ್ ಸವೆತ, ಸ್ಟಿಯರಿಂಗ್ ಆಟ, ಮುಂದಿನ ಆಕ್ಸಲ್ ಅಲುಗಾಟ ನೋಡಿ. ಹೊಸ ಪೇಂಟು ಹೊಡೆಸಿದ್ದರೆ ಏನು ಮುಚ್ಚಿದ್ದಾರೆ ಅಂತ ಕೇಳಿ. ಹಿಂದಿನ ಜೋಡಿ ಟೈರಿಗೆ ಮೂವತ್ತು ನಲವತ್ತು ಸಾವಿರ ಆಗುತ್ತದೆ, ಬೋಳಾಗಿದ್ದರೆ ಅಷ್ಟನ್ನು ಬೆಲೆಯಲ್ಲಿ ಕಳೆಯಿರಿ.

ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿ ಮೇಲೆ ಕೊರೆದ ನಂಬರ್ ಜೊತೆ ಒಂದೊಂದೇ ಅಂಕಿ ಓದಿ ಹೋಲಿಸಿ. ಎಂಪರಿವಾಹನ್ ಆಪ್‌ನಲ್ಲಿ ಸಾಲ ಇದೆಯಾ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ, ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರಂ 29, 30. ಇದನ್ನು ತಡ ಮಾಡಬೇಡಿ. ಆಕ್ಸಿಡೆಂಟ್ ಆದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರ ಮನೆಗೇ ನೋಟಿಸ್ ಬರುವುದು.

ದುಡ್ಡಿನ ಮಾತು

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಯಾರಾದರೂ ಹಳೇ ಬೆಲೆ ಪಟ್ಟಿ ಹಿಡಿದು ಮಾತಾಡಿದರೆ ಕೊಟೇಶನ್‌ನಲ್ಲಿ ತೆರಿಗೆ ಬೇರೆ ಸಾಲಾಗಿ ಬರೆಸಿ. ಬಂಪರ್, ಹುಡ್ (ನೆರಳಿನ ಮೇಲ್ಛಾವಣಿ), ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ), ಡ್ರಾಬಾರ್ (ಹಿಂದೆ ಕೆಳಗಿರುವ ಎಳೆಯುವ ಪಟ್ಟಿ), ಟೂಲ್ ಕಿಟ್, ರಿಜಿಸ್ಟ್ರೇಶನ್, ಇನ್ಶೂರೆನ್ಸ್: ಯಾವುದು ಸೇರಿದೆ, ಯಾವುದು ಇಲ್ಲ, ಎಲ್ಲ ಬರವಣಿಗೆಯಲ್ಲಿ ಇರಲಿ. ಬಾಯಿ ಮಾತಿನ ಹುಡ್ ನಮಗೆ ಇವತ್ತಿಗೂ ಬಂದಿಲ್ಲ.

ಸಹಾಯಧನ ಬೇಕಾದರೆ ಕೊಳ್ಳುವ ಮುಂಚೆಯೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ 50 ಪರ್ಸೆಂಟ್, ಪರಿಶಿಷ್ಟ ಜಾತಿ, ಪಂಗಡದವರಿಗೆ 90 ಪರ್ಸೆಂಟ್ ತನಕ ಇದೆ. ಆದರೆ ಪ್ರತಿ ಯಂತ್ರಕ್ಕೂ ಇಷ್ಟು ರೂಪಾಯಿ ಮೀರಬಾರದು ಅಂತ ಮಿತಿ ಇರುತ್ತದೆ. ಹಾಗಾಗಿ ಗಾಡಿಗೆ ಅರ್ಧ ದುಡ್ಡು ಸರ್ಕಾರ ಕೊಡುತ್ತದೆ ಅಂತ ಲೆಕ್ಕ ಹಾಕಬೇಡಿ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆಗಿರಬೇಕು, ಪಹಣಿ ಅದಕ್ಕೆ ಸೇರಿರಬೇಕು. ಮೊದಲು ಬಿಲ್ ಮಾಡಿಸಿ ಆಮೇಲೆ ಅರ್ಜಿ ಹಾಕಿದವರು ಸುಮ್ನೆ ಅಲೆದಿದ್ದನ್ನು ನೋಡಿದ್ದೇನೆ.

ಸಾಲದಲ್ಲಿ ಒಂದು ಮೋಸ ಹೋಗುವ ಜಾಗ ಇದೆ. "ಬರೀ 8 ಪರ್ಸೆಂಟ್" ಅಂತಾರೆ. ಫ್ಲ್ಯಾಟ್ ರೇಟಾ (ಅಂದರೆ ಕಡೆತನಕ ಪೂರ್ತಿ ಅಸಲಿನ ಮೇಲೇ ಬಡ್ಡಿ), ಉಳಿದ ಅಸಲಿನ ಮೇಲಾ ಕೇಳಿ. 6 ಲಕ್ಷ ಸಾಲ, ಐದು ವರ್ಷ, ಆರು ತಿಂಗಳಿಗೊಂದು ಕಂತು ಅಂತಿಟ್ಟುಕೊಳ್ಳಿ. ಉಳಿದ ಅಸಲಿನ ಮೇಲೆ 10 ಪರ್ಸೆಂಟ್ ಆದರೆ ಕಂತು ಸುಮಾರು 77,700, ಒಟ್ಟು ಕಟ್ಟುವುದು 7.77 ಲಕ್ಷ. ಫ್ಲ್ಯಾಟ್ 8 ಪರ್ಸೆಂಟ್ ಆದರೆ ಕಂತು 84,000, ಒಟ್ಟು 8.4 ಲಕ್ಷ. ಕೇಳೋಕೆ ಕಮ್ಮಿ ಇರುವ ಎಂಟು, ಹತ್ತಕ್ಕಿಂತ 63 ಸಾವಿರ ದುಬಾರಿ. ನಿಜವಾದ ಬಡ್ಡಿ 13ರ ಮೇಲಿದೆ. ಕಂತಿನ ತಿಂಗಳು ನಿಮ್ಮ ಫಸಲಿನ ದುಡ್ಡು ಬರುವ ತಿಂಗಳಿಗೆ ಹೊಂದಲಿ. ಅಡಿಕೆಯವರಿಗೆ ಜುಲೈ ಕಂತು ಕಷ್ಟ, ಅಲ್ವಾ?

ಕಾಗದ, ಲೈಸೆನ್ಸ್, ಮನೆಗೆ ಬಂದ ದಿನ

ಟ್ರ್ಯಾಕ್ಟರ್ ಮತ್ತು ಟ್ರೈಲರ್ ಎರಡಕ್ಕೂ ಬೇರೆ ಬೇರೆ ರಿಜಿಸ್ಟ್ರೇಶನ್. ಟ್ರೈಲರ್‌ದು ಮಾಡಿಸದೆ ಬಿಡುವವರೇ ಜಾಸ್ತಿ, ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವರು ಕೇಳುವ ಮೊದಲ ಕಾಗದ ಅದೇ. ಓಡಿಸುವವರಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇರಬೇಕು. ಕೃಷಿಗೆ ಅಂತ ನೋಂದಾಯಿಸಿದ ಗಾಡಿಯಲ್ಲಿ ಬಾಡಿಗೆಗೆ ಇಟ್ಟಿಗೆ, ಮರಳು ಹೊಡೆಯುವುದು, ಟ್ರೈಲರ್‌ನಲ್ಲಿ ದಿಬ್ಬಣ ತುಂಬಿಕೊಂಡು ಹೋಗುವುದು ಎರಡೂ ಕಾನೂನಿಗೆ ವಿರುದ್ಧ.

ಡೆಲಿವರಿ ದಿನ ಹಾರ ಹಾಕುವ ಮುಂಚೆ ಇಂಜಿನ್ ನಂಬರ್, ಚಾಸಿ ನಂಬರ್ ಬಿಲ್ ಜೊತೆ ಹೋಲಿಸಿ. ತಯಾರಾದ ತಿಂಗಳು, ವರ್ಷ ನೋಡಿ. ಜನವರಿಯಲ್ಲಿ ಕೊಂಡು, ಗಾಡಿ ಹಿಂದಿನ ವರ್ಷದ್ದಾದರೆ ಮುಂದೆ ಮಾರುವಾಗ ಒಂದು ವರ್ಷ ಹಳೇದು ಅಂತಲೇ ಬೆಲೆ ಕಟ್ಟುತ್ತಾರೆ. ಅದಕ್ಕೆ ತಕ್ಕ ರಿಯಾಯಿತಿ ಅವತ್ತೇ ಕೇಳಿ.

ಓಡಿಸುವವರಿಗೆ ಮೂರು ಮಾತು ಅವತ್ತೇ ಹೇಳಿಬಿಡಿ. ಎಡ ಬಲದ ಬ್ರೇಕ್ ಪೆಡಲ್ ಸೇರಿಸುವ ಕೊಂಡಿ ರಸ್ತೆಗೆ ಬಂದ ತಕ್ಷಣ ಹಾಕಬೇಕು. ಹಾಕದೆ ಸ್ಪೀಡಿನಲ್ಲಿ ಒಂದೇ ಪೆಡಲ್ ಒತ್ತಿದರೆ ಗಾಡಿ ಮಗುಚುತ್ತದೆ. ಹೂತ ಗಾಡಿಯನ್ನೋ ಮರದ ದಿಮ್ಮಿಯನ್ನೋ ಎಳೆಯುವಾಗ ಸರಪಳಿಯನ್ನು ಕೆಳಗಿನ ಡ್ರಾಬಾರ್‌ಗೇ ಕಟ್ಟಬೇಕು. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಎಳೆದರೆ ಮುಂದಿನ ಗಾಲಿ ಎದ್ದು ಗಾಡಿ ಹಿಮ್ಮುಖವಾಗಿ ಡ್ರೈವರ್ ಮೇಲೇ ಬೀಳುತ್ತದೆ. ತಿರುಗುವ ಪಿಟಿಒ ಹತ್ತಿರ ಲುಂಗಿ, ಸೆರಗು, ಟವೆಲ್ ಯಾವುದೂ ಬೇಡ. ಶಾಫ್ಟಿನ ಪ್ಲಾಸ್ಟಿಕ್ ಕವಚವನ್ನು ಅಡ್ಡ ಬರುತ್ತದೆ ಅಂತ ಕಿತ್ತು ಬಿಸಾಡುತ್ತಾರೆ, ಅದು ಅಲ್ಲೇ ಇರಲಿ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸುವ ಅಭ್ಯಾಸ ಮೊದಲ ದಿನವೇ ಬೇಡ ಅನ್ನಿ, ಆಮೇಲೆ ಬಿಡಿಸೋಕಾಗುವುದಿಲ್ಲ.

ಮೊದಲ 50 ಗಂಟೆ ಪೂರ್ತಿ ಭಾರ ಹಾಕಬೇಡಿ, ಹಾಗಂತ ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲಿಸಲೂ ಬೇಡಿ. ಕಲ್ಟಿವೇಟರ್, ಅರ್ಧ ತುಂಬಿದ ಟ್ರೈಲರ್, ಅಷ್ಟು ಸಾಕು. ಹೊಸ ಗೇರುಗಳು ಒಂದಕ್ಕೊಂದು ಉಜ್ಜಿ ಕೂರುವಾಗ ಕಬ್ಬಿಣದ ಪುಡಿ ಎಣ್ಣೆಗೆ ಇಳಿಯುತ್ತದೆ. 50 ಗಂಟೆಗೆ ಮೊದಲ ಸರ್ವೀಸ್ ಇಟ್ಟಿರುವುದು ಅದಕ್ಕೇ. ನಮ್ಮ ಮಿನಿಯ ಮೊದಲ ಸರ್ವೀಸ್ ಮನೆ ಅಂಗಳದಲ್ಲೇ ಆಯಿತು. ಹಳೇ ಎಣ್ಣೆ ಬಾಂಡ್ಲಿಗೆ ಇಳಿಸಿ ಬಿಸಿಲಿಗೆ ಹಿಡಿದರೆ ಮಿರಮಿರ ಹೊಳೆಯುತ್ತಿತ್ತು. ಚಿಕ್ಕಪ್ಪ ಬಗ್ಗಿ ನೋಡಿ, "ಇದನ್ನ ಹಳೇ ಗಾಡಿಗೆ 200 ಗಂಟೆ ಆದ್ಮೇಲೆ ತೆಗೆಸಿದ್ದೆ ಕಣೋ" ಅಂದರು. ತಾರೀಖು, ಗಂಟೆ, ಎಣ್ಣೆಯ ಗ್ರೇಡು ಮೂರನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಬಾಡಿಗೆ ಗಂಟೆ ಎಣಿಸೋಕೆ ತಂದಿದ್ದ ಅದೇ ನೋಟ್‌ಬುಕ್.